ನೆನಪಿನಾಚೆಯ ವ್ಯಕ್ತಿ

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಗೆ ಹೊಸ ಅಧ್ಯಾಯವೊಂದನ್ನು ಸೇರಿಸಿದ. ಅಂದಿನ ನಾನು, ಇಂದಿನ ನಾನು ಒಬ್ಬನೇ ಎನ್ನಲು ಆಧಾರವೇನು ಎಂಬುದು ಅಲ್ಲಿನ ಪ್ರಶ್ನೆ. ಅರಿವು ಹಿಂದಕ್ಕೆ ಎಷ್ಟು ದೂರ ಚಾಚುತ್ತದೋ ಅಲ್ಲಿಯವರೆಗೆ ಅದೇ ವ್ಯಕ್ತಿ ಎಂಬುದು ಅವನ ಉತ್ತರ. ಹಾಗಾದರೆ ಮಗಳ ಹೆಸರು ಮರೆತ ತಾಯಿ ಅರ್ಧ ವ್ಯಕ್ತಿಯೇ?

ಅಲ್ಲವೆಂದು ಗಟ್ಟಿಯಾಗಿ ವಾದಿಸಿದವರು ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್. ನೆನಪು, ಯೋಚನೆ ಕುಂದುವ ಡಿಮೆನ್ಷಿಯಾ ಕುರಿತ ಅವರ ಪುಸ್ತಕ 1997ರಲ್ಲಿ ಬಂತು. ವ್ಯಕ್ತಿತ್ವವೆಂದರೆ ತಲೆಯೊಳಗಿನ ಸಾಮರ್ಥ್ಯವಲ್ಲ, ಸಂಬಂಧಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಡುವ ಮನ್ನಣೆ ಎಂದರು ಅವರು. ಎದುರಿಗೇ ಕೂತವರ ವಿಷಯವನ್ನು ಪಕ್ಕದವರ ಹತ್ತಿರ ಮಾತಾಡುವುದು, ಅವಸರಪಡಿಸುವುದು, ಮಗುವಿನಂತೆ ನಡೆಸಿಕೊಳ್ಳುವುದು ಆ ಮನ್ನಣೆಯನ್ನು ಕಸಿಯುತ್ತವೆ.

ನನಗಿಲ್ಲಿ ಒಂದು ತಕರಾರಿದೆ. ಕೊಡುವವರು ನಾವೇ ಆದರೆ ಕಿತ್ತುಕೊಳ್ಳುವ ಅಧಿಕಾರವೂ ನಮ್ಮದಾಗಿಬಿಡುತ್ತದೆ. ಕೆನಡಾದ ಸಂಶೋಧಕಿ ಪಿಯಾ ಕೊಂಟೋಸ್ ಈ ಕೊರತೆಯನ್ನು ತುಂಬುತ್ತಾರೆ: ತನ್ನತನ ದೇಹದಲ್ಲೂ ಬೇರುಬಿಟ್ಟಿರುತ್ತದೆ. ಮಾತು ಸೋತ ಮೇಲೂ ಹಾಡು ಕೇಳಿದ ಬೆರಳು ತಾಳ ಹಾಕುತ್ತದೆ. ಅದು ಯಾರೂ ಕೊಟ್ಟದ್ದಲ್ಲ.

ಈ ವಿಚಾರ ಎಷ್ಟು ಗಟ್ಟಿಯೆಂದು ತಿಳಿಯಲು, ಡಿಮೆನ್ಷಿಯಾ ಇರುವವರಿಗೆ ಹೆಡ್‌ಸೆಟ್ ಮೂಲಕ ಕೃತಕ ಲೋಕ ತೋರಿಸುವ ವರ್ಚುವಲ್ ರಿಯಾಲಿಟಿಯನ್ನು ನೋಡಬೇಕು. ಬ್ರಿಟನ್ನಿನ ‘ದಿ ವೇಬ್ಯಾಕ್’ ಯೋಜನೆ 1953ರಲ್ಲಿ ಅಲ್ಲಿನ ರಾಣಿಯ ಪಟ್ಟಾಭಿಷೇಕ ನಡೆದ ದಿನದ ಬೀದಿ ಸಂಭ್ರಮವನ್ನು ಮರುಸೃಷ್ಟಿಸಿತು. ಆದರೆ ಒಂದು ತಲೆಮಾರಿನ ನೆನಪು ಎಲ್ಲರ ನೆನಪೂ ಅಲ್ಲ. ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಡಿಮೆನ್ಷಿಯಾ ಇರುವವರು ಮತ್ತು ಅವರ ಮನೆಯವರ ಜೊತೆ ಕೂತು, ಒಬ್ಬೊಬ್ಬರಿಗೆ ಒಗ್ಗುವ ಅನುಭವ ಹೇಗಿರಬೇಕೆಂದು ಹುಡುಕಿದರು; ಆ ಕೆಲಸ 2018ರಲ್ಲಿ ಪ್ರಕಟವಾಯಿತು.

ಜೊತೆಗೆ ಕೂರುವುದು ಏಕೆ ಮುಖ್ಯ? ಹೆಡ್‌ಸೆಟ್ ಕಣ್ಣಿಗೇರಿದ ಕ್ಷಣ ಕೋಣೆ ಮಾಯವಾಗುತ್ತದೆ, ಕೈ ಹಿಡಿದಿದ್ದವರ ಮುಖವೂ ಮಾಯ. ಹಾಕಿಕೊಂಡದ್ದೇ ಮರೆತರೆ ಅದೆಂಥ ಭಯ! ಬಿಗಿಯುವ ಪಟ್ಟಿ ಬೇಡ, ಕೈಯಲ್ಲೇ ಹಿಡಿದು ನೋಡುತ್ತೇನೆ, ಪಕ್ಕದಲ್ಲಿ ಮಗಳ ದನಿ ಕೇಳುತ್ತಿರಲಿ ಎಂಬಂಥ ಮಾತು ಬಳಸುವವರಿಂದಲೇ ಬರಬೇಕು. ಬಾಯಲ್ಲಿ ಹೇಳಲಾಗದಿದ್ದರೆ ಬಿಗಿದ ಭುಜ, ಹೊರಳಿಸಿದ ಮುಖವೇ ಹೇಳುತ್ತದೆ. ಅದಕ್ಕೇ ಒಪ್ಪಿಗೆ ಒಂದು ಸಹಿಗೆ ಮುಗಿಯುವುದಿಲ್ಲ. ಗಳಿಗೆ ಗಳಿಗೆಗೂ ಗಮನಿಸಿ ಪಡೆಯಬೇಕು.

ನಿಮ್ಮ ಮನೆಯ ಹಿರಿಯರಿಗೆಂದು ಯಾರಾದರೂ ಇಂಥ ಸಾಧನ ತಂದರೆ, ಬೆಲೆ ಕೇಳುವ ಮೊದಲು ಇದನ್ನು ಕೇಳಿ: ಇದನ್ನು ರೂಪಿಸುವಾಗ ಡಿಮೆನ್ಷಿಯಾ ಇರುವವರು ಜೊತೆಗಿದ್ದರೇ? ಅವರು ಬೇಡವೆಂದಾಗ ಏನನ್ನು ಬದಲಿಸಿದಿರಿ?