ಹೊಗಳಿಕೆಯ ಕತ್ತರಿ

ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕೆಂಬುದು ಲೋಕದ ರೂಢಿ. ರೂಢಿಯೇನೋ ದೊಡ್ಡದು, ಆದರೆ ಅದರ ಕೈಯಲ್ಲೊಂದು ಕತ್ತರಿಯೂ ಇದೆ. ಒಳ್ಳೆಯದು ಯಾವುದೆಂದು ತೀರ್ಮಾನಿಸುವವರು ಸತ್ತವರಲ್ಲ, ಉಳಿದವರು. ನಮಗೆ ಮುಜುಗರ ತರುವುದನ್ನೆಲ್ಲ ಕತ್ತರಿಸಿ ಹಾಕಿ, ಮಿಕ್ಕದ್ದಕ್ಕೆ ಹಾರ ಹಾಕುತ್ತೇವೆ. ಆ ಹಾರ ಬಿದ್ದದ್ದು ಬಾಳಿ ಹೋದವನ ಕೊರಳಿಗೋ, ನಾವೇ ಕಲ್ಪಿಸಿಕೊಂಡ ಇನ್ನೊಬ್ಬನ ಕೊರಳಿಗೋ?

ಈ ಪ್ರಶ್ನೆಯನ್ನು ನನ್ನಲ್ಲಿ ಎಬ್ಬಿಸಿದ್ದು ‘ಡೆರೆಕ್’ ಎಂಬ ಸಾಕ್ಷ್ಯಚಿತ್ರ. ಇಂಗ್ಲೆಂಡಿನ ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್‌ನ ನೆನಪಿಗಾಗಿ ಐಸಾಕ್ ಜೂಲಿಯನ್ 2008ರಲ್ಲಿ ಇದನ್ನು ನಿರ್ದೇಶಿಸಿದ. ಜಾರ್ಮನ್ ಹುಟ್ಟಿದ್ದು 1942ರಲ್ಲಿ, ತೀರಿಕೊಂಡದ್ದು 1994ರಲ್ಲಿ. ಅಲ್ಪ ಹಣದಲ್ಲಿ, ಗೆಳೆಯರನ್ನು ಕೂಡಿಸಿಕೊಂಡು, ತನ್ನ ಮನಸ್ಸಿಗೆ ಬಂದ ಹಾಗೆ ಚಿತ್ರ ತೆಗೆದವನು ಅವನು. 1976ರ ‘ಸೆಬಾಸ್ಟಿಯಾನೆ’ಯ ಪಾತ್ರಗಳು ಲ್ಯಾಟಿನ್ ಭಾಷೆಯಲ್ಲಿ ಮಾತಾಡುತ್ತವೆ! ಗಂಡಿಗೆ ಗಂಡಿನ ಮೇಲೆ ಹುಟ್ಟುವ ಪ್ರೇಮವನ್ನು ಆತ ಮುಸುಕಿಲ್ಲದೆ ತೋರಿಸಿದ. ಇಂಗ್ಲೆಂಡಿನಲ್ಲಿ 1967ರವರೆಗೆ ಅಂಥ ಪ್ರೇಮ ನಾಲ್ಕು ಗೋಡೆಗಳ ನಡುವೆಯೂ ಅಪರಾಧವಾಗಿತ್ತೆಂಬುದನ್ನು ನೆನೆದರೆ ಅವನ ಎದೆಗಾರಿಕೆ ತಿಳಿಯುತ್ತದೆ.

1986ರ ಡಿಸೆಂಬರಿನಲ್ಲಿ ತನ್ನ ರಕ್ತದಲ್ಲಿ ಎಚ್‌ಐವಿ ಇದೆಯೆಂದು ಅವನಿಗೆ ಗೊತ್ತಾಯಿತು. ಏಡ್ಸ್ ಎಂದರೆ ರೋಗಕ್ಕಿಂತ ಕಳಂಕವೇ ದೊಡ್ಡದಾಗಿದ್ದ ಕಾಲ. ಅವನು ಅದನ್ನು ಬಚ್ಚಿಡಲಿಲ್ಲ, ಬಹಿರಂಗವಾಗಿಯೇ ಹೇಳಿದ.

ಇಲ್ಲಿ ಸಭ್ಯರಾದ ಓದುಗರು ಆಕ್ಷೇಪ ಎತ್ತಬಹುದು: ‘ಕಲಾವಿದನ ಕೃತಿ ಸಾಲದೇ? ಅವನ ಮಲಗುವ ಮನೆಯ ಮಾತು ನಮಗೇಕೆ?’ ಇದು ತಳ್ಳಿಹಾಕುವಂಥ ಮಾತಲ್ಲ. ಮುಚ್ಚಿದ ಬಾಗಿಲನ್ನು ಸತ್ತವನ ಬೆನ್ನ ಹಿಂದೆ ಒಡೆಯುವುದು ಅನಾಗರಿಕತೆ. ಆದರೆ ಗುಟ್ಟಿನ ಹಕ್ಕು ಮನೆಯ ಯಜಮಾನನದು, ನೆರೆಯವರದಲ್ಲ. ಅವನೇ ತೆರೆದಿಟ್ಟು ಹೋದ ಬಾಗಿಲನ್ನು, ಅವನು ಹೋದ ಮೇಲೆ ‘ಮರ್ಯಾದೆ’ಯ ಹೆಸರಿನಲ್ಲಿ ನಾವು ಮುಚ್ಚಿದರೆ, ಅದೂ ಒಡೆದಷ್ಟೇ ತಪ್ಪು. ಆ ಮರ್ಯಾದೆ ನಮ್ಮದು, ಅವನದಲ್ಲ.

ಇನ್ನೊಂದು ಅಪಾಯವೂ ಉಂಟು. ‘ಸಲಿಂಗಪ್ರೇಮಿ’ ಎಂಬ ಒಂದೇ ಚೀಟಿ ಅಂಟಿಸಿ ಮನುಷ್ಯನನ್ನು ಮುಗಿಸಿಬಿಡುವುದು. ಜಾರ್ಮನ್ ಚಿತ್ರಕಾರ, ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ತೆರೆಗೆ ತಂದವನು, ದಾರ್ಶನಿಕ ವಿಟ್‌ಗೆನ್‌ಸ್ಟೈನ್‌ನ ಮೇಲೆ ಚಿತ್ರ ತೆಗೆದವನು. ಡಂಜನೆಸ್ ಎಂಬ ಕಡಲ ತೀರದ ಬರೀ ನೊರಜುಗಲ್ಲಿನ ನೆಲದಲ್ಲಿ, ಅಣು ವಿದ್ಯುತ್ ಸ್ಥಾವರದ ಎದುರಿಗೆ, ಹೂದೋಟ ಬೆಳೆಸಿದವನು. ಆ ಮನೆ ಮಾರಾಟವಾಗದಂತೆ 2020ರಲ್ಲಿ ಸಾರ್ವಜನಿಕರು ಚಂದಾ ಎತ್ತಿ ಉಳಿಸಿಕೊಂಡರು. ಕಣ್ಣು ಮಂಜಾಗುತ್ತಿದ್ದಾಗ, 1993ರಲ್ಲಿ, ಅವನು ಕೊಟ್ಟ ‘ಬ್ಲೂ’ ಚಿತ್ರದಲ್ಲಿ 79 ನಿಮಿಷವೂ ತೆರೆಯ ಮೇಲೆ ಬರೀ ನೀಲಿ. ಮಿಕ್ಕದ್ದೆಲ್ಲ ದನಿ, ಸಂಗೀತ.

ಹಾಗಾದರೆ ಕತ್ತರಿಯಿಲ್ಲದೆ ಹೊಗಳುವುದು ಹೇಗೆ? ಸಾಕ್ಷ್ಯಚಿತ್ರದಲ್ಲಿ ಒಂದು ದಾರಿ ಕಾಣುತ್ತದೆ. ಜಾರ್ಮನ್‌ನ ‘ಕರವಾಜ್ಜೊ’ ಚಿತ್ರದಿಂದಲೇ ಬೆಳ್ಳಿತೆರೆಗೆ ಬಂದ ನಟಿ ಟಿಲ್ಡಾ ಸ್ವಿಂಟನ್ ಇಲ್ಲಿ ಅವನಿಗೇ ಬರೆದ ಪತ್ರವನ್ನು ಓದುತ್ತಾಳೆ. ಜೊತೆಗೆ ಜಾರ್ಮನ್ ಬದುಕಿದ್ದಾಗ ಕೊಟ್ಟ ದೀರ್ಘ ಸಂದರ್ಶನವಿದೆ. ತನ್ನ ಕಥೆಯನ್ನು ಅವನೇ ಹೇಳುತ್ತಾನೆ. ಸಭೆಯ ಮುಂದೆ ‘ಅವನು ಹೀಗಿದ್ದ’ ಎನ್ನುವಾಗ ಸುಳ್ಳು ನುಸುಳುವುದು ಸುಲಭ. ‘ನೀನು ಹೀಗಿದ್ದೆ’ ಎಂದು ಅವನಿಗೇ ಹೇಳಬೇಕಾದಾಗ ನಾಲಿಗೆ ತಡವರಿಸುತ್ತದೆ. ಏಕೆಂದರೆ ಅವನಿಗೆ ನಿಜ ಗೊತ್ತು.

ನಮ್ಮಲ್ಲಿ ಆಂಗ್ಲರು 1860ರಲ್ಲಿ ಬರೆದಿಟ್ಟ ಇಂಥದೇ ಕಾನೂನಿನ ಹಿಡಿತವನ್ನು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಡಿಲಿಸಿತು. ವಯಸ್ಕರ ಸಮ್ಮತಿಯ ಪ್ರೇಮ ಈಗ ಅಪರಾಧವಲ್ಲ. ಆದರೆ ಸಂತಾಪಸೂಚಕ ಸಭೆಗಳಲ್ಲಿ ಯಾವ ನ್ಯಾಯಾಲಯವೂ ಕೂಡುವುದಿಲ್ಲ. ಅಲ್ಲಿ ಎದ್ದುನಿಂತು ಮಾತಾಡುವವರು ನಾವು. ಸತ್ತವನು ಎದುರಿನ ಕುರ್ಚಿಯಲ್ಲಿ ಕುಳಿತಿದ್ದಾನೆಂದು ಎಣಿಸಿಕೊಂಡು, ಅವನು ತಲೆದೂಗುವಂಥ ಮಾತನ್ನಷ್ಟೇ ಆಡಿದರೆ ಸಾಕು.