ಬೆಂಕಿಗೆ ಸರ್ವೆ ನಂಬರ್ ಗೊತ್ತಿಲ್ಲ

ಕಾಶಿಯಲ್ಲಿದ್ದು ಬೆಂಕಿ ನೋಡದೆ ಒಂದು ದಿನ ಕಳೆಯುವುದು ಕಷ್ಟ. ಹನುಮಾನ್ ಘಾಟಿನ ಮಗ್ಗುಲಿಗೆ ಕರ್ನಾಟಕ ಘಾಟ್, ಅದನ್ನು ದಾಟಿದರೆ ಹರಿಶ್ಚಂದ್ರ ಘಾಟ್. ಸಂಜೆ ಕನ್ನಡ ಮಾತು ಕಿವಿಗೆ ಬಿದ್ದೀತೇನೋ ಎಂಬ ಆಸೆಯಿಂದ ನಾನು ಆ ಮೆಟ್ಟಿಲುಗಳ ಮೇಲೆ ಕೂರುತ್ತೇನೆ. ಕೆಲವೊಮ್ಮೆ ಬೀಳುತ್ತದೆ, ಹೆಚ್ಚು ದಿನ ಬೀಳುವುದಿಲ್ಲ. ಆದರೆ ಎಡಗಡೆ ಬೆಂಕಿ ಮಾತ್ರ ಇದ್ದೇ ಇರುತ್ತದೆ. ಅದು ಕಾಯುವವರಿರುವ ಬೆಂಕಿ. ಎಷ್ಟು ಸೌದೆ, ಯಾರು ಹಚ್ಚಬೇಕು, ಯಾರು ನಿಂತು ನೋಡಿಕೊಳ್ಳಬೇಕು, ಎಲ್ಲಕ್ಕೂ ಒಂದು ಕ್ರಮವಿದೆ. ಅದನ್ನು ನೋಡುತ್ತಾ ನನಗೆ ಕಾಯುವವರಿಲ್ಲದ ಇನ್ನೊಂದು ಬೆಂಕಿಯ ನೆನಪಾಗುತ್ತದೆ.

ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮಗಳು-ಅಳಿಯನ ಜತೆ ಇಲ್ಲಿಗೆ ಬಂದವನು. ಊರು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಒಂದಿಷ್ಟು ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನಬೆಟ್ಟ. ಹೊರಗಿನವರಿಗೆ ಈ ಬೆಟ್ಟದ ವಿಷಯ ಸ್ವಲ್ಪ ಹೇಳಬೇಕು. ಬ್ರಿಟಿಷರ ಕಾಲದಲ್ಲೇ ನಮ್ಮ ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಜಮೀನು ಸರ್ಕಾರದ್ದು, ಸೊಪ್ಪು, ದರಕು ತರುವ ಸವಲತ್ತು ನಮ್ಮದು. ದರಕು ಅಂದರೆ ಬೇಸಿಗೆಯಲ್ಲಿ ಉದುರುವ ಒಣ ಎಲೆ. ನಮ್ಮ ತಾಯಿಯ ಕಾಲದಲ್ಲಿ ಮನೆಮನೆಯವರು ಅದನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಮುಂದೆ ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಬೆಂಕಿ ತಡೆಯಬೇಕೆಂದು ಯಾರೂ ಗುಡಿಸಿದವರಲ್ಲ. ದನಕ್ಕೆ ಹಾಸಲು ಬೇಕಿತ್ತು, ಗುಡಿಸಿದರು. ಬೆಂಕಿ ತಾನಾಗಿ ತಡೆದುಕೊಂಡಿತು.

ನಾನು ಊರು ಬಿಟ್ಟಾಗ ದನ ಮಾರಿದೆ, ಅಡಿಕೆ ಫಸಲನ್ನು ಗುತ್ತಿಗೆಗೆ ಕೊಟ್ಟೆ. ಗುತ್ತಿಗೆದಾರ ಕೊನೆ ಕೊಯ್ದುಕೊಂಡು ಹೋಗುತ್ತಾನೆ, ಬೆಟ್ಟ ಅವನ ಲೆಕ್ಕದಲ್ಲಿಲ್ಲ. ನನ್ನ ಲೆಕ್ಕದಲ್ಲೂ ಇರಲಿಲ್ಲ. ನಾಲ್ಕೈದು ವರ್ಷದ ದರಕು ಬಿದ್ದಲ್ಲೇ ಬಿದ್ದಿತ್ತು. 2022ರ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ರಸ್ತೆಯ ಕಡೆಯಿಂದ ಬೆಂಕಿ ಹತ್ತಿತು. ಬೀಡಿಯೋ, ಹೊಸ ಹುಲ್ಲು ಬರಲೆಂದು ಯಾರಾದರೂ ಹಚ್ಚಿದ್ದೋ ತಿಳಿಯಲಿಲ್ಲ. ನಮ್ಮ ಬೆಟ್ಟ ಹತ್ತಿ, ಇಳಿದು, ಕೆಳಗಿನ ಮನೆಯ ಅಣ್ಣನ ಹುಲ್ಲಿನ ಬಣವೆ, ಕೊಟ್ಟಿಗೆಯ ಮಾಡು, ತೋಟದ ಅಂಚಿನ ಅಡಿಕೆ ಸಸಿಗಳನ್ನು ಸುಟ್ಟಿತು. ದನಗಳ ಹಗ್ಗ ಕಡಿದು ಓಡಿಸುವಾಗ ಅವನ ಎಡಗೈ ಸುಟ್ಟಿತು. ಅವನಿಗೆ ನನಗಿಂತ ಆರು ವರ್ಷ ಹೆಚ್ಚು.

ನನಗೆ ಸುದ್ದಿ ತಿಳಿದದ್ದು ಮರುದಿನ. ಫೋನ್ ಮಾಡಿದೆ. ಏನು ಹೇಳಬೇಕೋ ತಿಳಿಯದೆ, "ನಮ್ಮ ಬೆಟ್ಟದಿಂದಲೇ ಬಂತಂತಲ್ಲ ಅಣ್ಣ" ಎಂದೆ. ಆ ಕಡೆಯಿಂದ ಅವನು, "ಬೆಂಕಿಗೆ ಸರ್ವೆ ನಂಬರ್ ಗೊತ್ತಾಗ್ತಿಲ್ಲೆ ತಮಾ" ಎಂದ. ಅಷ್ಟೇ. ದೂರಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೆಂಕಿ ಹಚ್ಚಿದವನು ನಾನಲ್ಲ, ನಾನು ಆ ಹೊತ್ತಿನಲ್ಲಿ ಕಾಶಿಯಲ್ಲಿ ತರಕಾರಿ ಹೆಚ್ಚುತ್ತಿದ್ದೆ ಎನ್ನುತ್ತಿದ್ದೆ. ಬೈಯದ ಕಾರಣ ಆ ಉತ್ತರ ನನ್ನಲ್ಲೇ ಉಳಿಯಿತು, ಉಳಿದು ಪ್ರಶ್ನೆಯಾಯಿತು. ತಾನು ಹಚ್ಚದ ಬೆಂಕಿಗೆ ಮನುಷ್ಯ ಎಷ್ಟರಮಟ್ಟಿಗೆ ಹೊಣೆ?

ಕಾನೂನು ಏನನ್ನುತ್ತದೆ ನೋಡೋಣ ಎಂದುಕೊಂಡೆ, ಬ್ಯಾಂಕಿನವರ ಚಟ. 1927ರ ಭಾರತೀಯ ಅರಣ್ಯ ಕಾಯ್ದೆಯ 79ನೇ ಕಲಮಿನ ಪ್ರಕಾರ, ಕಾಡಿನಲ್ಲಿ ಹಕ್ಕು ಚಲಾಯಿಸುವವನು, ಅಲ್ಲಿಂದ ಸೌದೆ-ಸೊಪ್ಪು ತರಲು ಅನುಮತಿ ಇದ್ದವನು, ಬೆಂಕಿ ಕಂಡರೆ ಸುದ್ದಿ ಮುಟ್ಟಿಸಬೇಕು, ಆರಿಸಲು ಕೈ ಜೋಡಿಸಬೇಕು. ಉಣ್ಣುವವನು ಕಾಯಬೇಕು. ನ್ಯಾಯವಾದದ್ದೇ. ಆದರೆ ಹಕ್ಕನ್ನು ಇಟ್ಟುಕೊಂಡು ಚಲಾಯಿಸದವನ ಗತಿ? ನಾನು ಬೆಟ್ಟದಿಂದ ಒಂದು ಎಲೆಯನ್ನೂ ತಂದಿರಲಿಲ್ಲ. ತರದೇ ಇದ್ದದ್ದೇ ತಪ್ಪಾಯಿತು! ಕಾಯ್ದೆ ಬರೆದವರು ಕಾಡನ್ನು ಹೆಚ್ಚು ಬಳಸುವವರ ಬಗ್ಗೆ ಯೋಚಿಸಿದ್ದರು. ಬಿಟ್ಟು ಹೋಗುವವರ ಬಗ್ಗೆ ಯಾರು ಯೋಚಿಸಿದ್ದರು?

ನನ್ನ ಕಸುಬಿನಲ್ಲಿ ಇದಕ್ಕೊಂದು ಮಾತಿದೆ: ಜಂಟಿ ಮತ್ತು ಪ್ರತ್ಯೇಕ ಹೊಣೆ. ನಾಲ್ವರು ಸೇರಿ ಸಾಲ ತೆಗೆದರೆ ಪ್ರತಿಯೊಬ್ಬನೂ ಪೂರ್ತಿ ಸಾಲಕ್ಕೆ ಬಾಧ್ಯ. "ನನ್ನ ಕಾಲು ಭಾಗ ಕಟ್ಟಿದೆ, ನನ್ನನ್ನು ಬಿಡಿ" ಎನ್ನುವಂತಿಲ್ಲ. ಸಹಿ ಹಾಕಿಸಿಕೊಳ್ಳುವಾಗ ಎಷ್ಟು ಜನರಿಗೆ ನಾನೇ ಇದನ್ನು ವಿವರಿಸಿದ್ದೇನೋ! ಬೇರೆ ಊರಿಗೆ ಹೋದ ಮಾತ್ರಕ್ಕೆ ಜಾಮೀನುದಾರನ ಹೊಣೆ ತೀರುವುದಿಲ್ಲ ಎಂದೂ ಹೇಳಿದ್ದೇನೆ. ಒಂದು ಗುಡ್ಡದ ಸುತ್ತ ಬದುಕುವವರು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ, ನಿಜ. ಆದರೆ ಬಾಧ್ಯತೆ ಅದೇ ಬಗೆಯದು. ಹತ್ತು ಮನೆಯವರು ಗುಡಿಸಿ ಒಬ್ಬ ಬಿಟ್ಟರೆ, ಆ ಹತ್ತೂ ಮನೆ ಬಿಟ್ಟ ಒಬ್ಬನ ಬೆಟ್ಟದಷ್ಟೇ ಭದ್ರ.

ಇದು ನಮ್ಮ ಊರಿನ ಮಾತು ಮಾತ್ರವಲ್ಲ. ನಮಗೆ ಹಾಲು ತರುವ ಭೈಯಾ ಪಕ್ಕದ ಚಂದೌಲಿಯವನು. ಆ ಜಿಲ್ಲೆಯ ದಕ್ಷಿಣಕ್ಕೆ ಚಕಿಯಾ, ನೌಗಢದ ಕಾಡು. ಅಂಥ ಕಾಡುಗಳಲ್ಲಿ ಇಪ್ಪೆ ಹೂ ಉದುರುವ ಕಾಲಕ್ಕೆ, ಹೂ ಕಾಣಲೆಂದು ಮರದ ಬುಡದ ತರಗೆಲೆಗೆ ಬೆಂಕಿ ಹಾಕುವ ರೂಢಿಯಿದೆ. ಅದೇ ಕೈಮೀರಿ ಕಾಡಿಗೆ ಹಬ್ಬುತ್ತದೆ. ಬಡವರ ಹೊಟ್ಟೆಪಾಡನ್ನು ಬೈದು ಏನು ಬಂತು? ಬಯಲಿನಲ್ಲಿ ಇನ್ನೊಂದು ತರ. ಏಪ್ರಿಲ್‌ನಲ್ಲಿ ಗೋಧಿ ಒಣಗಿ ನಿಂತಿರುತ್ತದೆ, 'ಲೂ' ಎನ್ನುವ ಬಿಸಿಗಾಳಿ ಬೀಸುತ್ತದೆ, ಒಂದು ಒಲೆಯ ಕಿಡಿ ಸಾಕು. 2016ರಲ್ಲಿ ನೆರೆಯ ಬಿಹಾರ ಸರ್ಕಾರ ಹಳ್ಳಿಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಒಲೆ ಹಚ್ಚಬೇಡಿ, ಹೋಮ ಮಾಡಬೇಡಿ ಎಂದು ಸೂಚಿಸಿತ್ತು. ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಒಂದು ಮನೆಯ ಒಲೆ ಊರಿನ ವಿಷಯ ಎಂದು ಸರ್ಕಾರಕ್ಕೂ ಕೊನೆಗೆ ಹೊಳೆಯಿತಲ್ಲ!

ಅಮೆರಿಕದಲ್ಲಿ 2003ರ ಒಂದು ಕಾಯ್ದೆಯ ಪ್ರಕಾರ ಊರಿನವರು ಕಾಳ್ಗಿಚ್ಚಿಗೆ ಮೊದಲೇ ಒಟ್ಟು ಕೂತು ಯೋಜನೆ ಬರೆಯುತ್ತಾರೆ. ಎಲ್ಲಿ ಪೊದೆ ಕಡಿಯಬೇಕು, ಮನೆಗಳಿಗೆ ಸುಲಭವಾಗಿ ಬೆಂಕಿ ತಾಗದಂತೆ ಏನು ಮಾಡಬೇಕು ಎಂದು ಅದರಲ್ಲಿರುತ್ತದೆ. ಸ್ಥಳೀಯ ಆಡಳಿತ, ಅಗ್ನಿಶಾಮಕದವರು, ರಾಜ್ಯದ ಅರಣ್ಯ ಇಲಾಖೆ ಮೂವರೂ ಒಪ್ಪಬೇಕು. ಹಾಗಿದ್ದೂ 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರನ್ನು ಸುಟ್ಟ ಬೆಂಕಿಯಲ್ಲಿ 85 ಜನ ಸತ್ತರು. ಯೋಜನೆ ಬರೆದಿಟ್ಟರೆ ಬೆಂಕಿ ಹೆದರುವುದಿಲ್ಲ. ಆದರೆ ಯೋಜನೆಗೆ ಕೂತಾಗ ಯಾರ ಮನೆಯಲ್ಲಿ ನಡೆಯಲಾಗದ ಮುದುಕರಿದ್ದಾರೆ, ಯಾರ ಬೆಟ್ಟ ಗುಡಿಸಿಲ್ಲ ಎಂಬುದು ಎಲ್ಲರಿಗೂ ತಿಳಿಯುತ್ತದೆ. ತಿಳಿದ ಮೇಲೆ ತಿಳಿದಿರಲಿಲ್ಲ ಎನ್ನಲಾಗುವುದಿಲ್ಲ. ಲಾಭ ಅದೇ ಇರಬೇಕು.

ಆ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ದೇವಸ್ಥಾನದ ಜಗಲಿಯಲ್ಲಿ ಕೂತೆವು. ತೋಟದವರು, ಕೂಲಿಗೆ ಬರುವವರು, ಫಾರೆಸ್ಟ್ ಗಾರ್ಡ್, ಎಲ್ಲ ಸೇರಿ ಇಪ್ಪತ್ತು ಜನ. ಮಾತು ಸುಲಭವಾಗಿರಲಿಲ್ಲ. ತೋಟವಿಲ್ಲದ ಕೇರಿಯ ಹುಡುಗನೊಬ್ಬ ಕೇಳಿಯೇಬಿಟ್ಟ: "ಬೆಟ್ಟ ನಿಮ್ದು, ಬಣವೆ ನಿಮ್ದು, ಬೆಂಕಿ ಬಿದ್ರೆ ಸೊಪ್ಪು ಹಿಡ್ಕೊಂಡು ಬಡಿಯೋಕೆ ನಾವ್ಯಾಕೆ ಮುಂದೆ?" ಯಾರಲ್ಲೂ ಉತ್ತರವಿರಲಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಸಾವಿರಾರು ಎಕರೆ ಉರಿದಾಗ ಬೆಂಗಳೂರು, ಮೈಸೂರಿನಿಂದ ಯಾವ ಹಕ್ಕೂ ಇಲ್ಲದವರು ಓಡಿ ಬಂದಿದ್ದರು, ನಿಜ. ಆದರೆ ಒಬ್ಬರ ಔದಾರ್ಯವನ್ನು ಇನ್ನೊಬ್ಬರಿಂದ ವಸೂಲಿ ಮಾಡಲಾಗುತ್ತದೆಯೇ? ನಾನು ಜಾಣತನದಿಂದ, "ನನ್ನ ಪಾಲಿನ ದುಡ್ಡು ಪ್ರತಿ ವರ್ಷ ಕಳಿಸುತ್ತೇನೆ" ಎಂದೆ. ಕೆಳಮನೆಯ ಅಣ್ಣ ಸುಟ್ಟ ಕೈಯನ್ನು ಪಂಚೆಯ ಮೇಲೆ ಇಟ್ಟುಕೊಂಡು ಕೂತಿದ್ದ. "ದುಡ್ಡು ಕಳಿಸು, ಬೇಡ ಹೇಳ್ತ್ನಿಲ್ಲೆ. ಗುಡ್ಸದು ಯಾರು?" ಎಂದ.

ಕೊನೆಗೆ ಆದದ್ದು ಇಷ್ಟು. ರಸ್ತೆಯ ಅಂಚಿಗೂ ಮನೆಗಳ ಮೇಲ್ಭಾಗಕ್ಕೂ ಜನವರಿ ಮುಗಿಯುವ ಮೊದಲು ಅಗಲವಾಗಿ ದರಕು ಗುಡಿಸುವುದು. ಎಲ್ಲ ಬೆಟ್ಟದವರೂ ಬರುವುದು. ಬೆಟ್ಟವಿಲ್ಲದವರು ಬಂದರೆ ಪೂರ್ತಿ ಕೂಲಿ. ಬಣವೆಯನ್ನು ಬೆಟ್ಟದ ಬುಡದಿಂದ ದೂರ ಒಟ್ಟುವುದು. ಪಂಪ್‌ಸೆಟ್ ಮನೆಗಳ ಕೀಲಿ ಎಲ್ಲಿರುತ್ತದೆಂದು ಎರಡು ಮನೆಗಾದರೂ ತಿಳಿದಿರುವುದು. ಒಂದು ಹಾಳೆಯಲ್ಲಿ ಫೋನ್ ನಂಬರುಗಳು. ನನ್ನ ಬೆಟ್ಟದ ದರಕು ಅಣ್ಣನ ಕೊಟ್ಟಿಗೆಗೇ ಹೋಗಲಿ ಎಂದೂ ಆಯಿತು. ಭಾರೀ ಯೋಜನೆಯೇನಲ್ಲ. ಆ ಹುಡುಗನ ಪ್ರಶ್ನೆಗೆ ಇದು ಪೂರ್ತಿ ಉತ್ತರವೂ ಅಲ್ಲ.

ಈಗ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಉಪಗ್ರಹದಿಂದ ಬೆಂಕಿ ಗುರುತಿಸಿ ಫೋನಿಗೆ ಸಂದೇಶ ಕಳಿಸುತ್ತಾರೆ. ಸಾಮಾನ್ಯರೂ ಹೆಸರು ನೋಂದಾಯಿಸಬಹುದು, ನಾನೂ ಮಾಡಿಸಿದ್ದೇನೆ. ಸುಮಾರು 1500 ಕಿಲೋಮೀಟರ್ ದೂರದಲ್ಲಿ, ಗಂಗೆಯ ಮೆಟ್ಟಿಲ ಮೇಲೆ ಕೂತು ನಮ್ಮ ತಾಲ್ಲೂಕಿನ ಬೆಂಕಿಯ ಸುದ್ದಿ ಓದಬಹುದು! ಆದರೆ ಓದಿದವನಿಗೆ ಸೊಪ್ಪು ಹಿಡಿದು ಬಡಿಯಲು ಕೈ ಎಟುಕುವುದಿಲ್ಲ. ಪರಊರಿನಲ್ಲಿರುವವನ ಪಾಡು ಇದು. ಬೆಂಕಿ ಬಿದ್ದ ದಿನ ನಾನು ನಿರುಪಯೋಗಿ. ನನ್ನಿಂದ ಏನಾದರೂ ಆಗುವುದಿದ್ದರೆ ಅದು ಬೆಂಕಿ ಬೀಳದ ದಿನಗಳಲ್ಲಿ ಮಾತ್ರ.

ಕಾಶಿಗೆ ಆನಂದಕಾನನ ಎಂಬ ಹಳೆಯ ಹೆಸರಿದೆ; ಇಲ್ಲೂ ಒಂದು ಕಾಡು ಇತ್ತೆಂದು ಆ ಹೆಸರು ಹೇಳುತ್ತದೆ. ಇಲ್ಲಿಗೆ ಬಂದ ಮುದುಕರು ಮತ್ತೆ ಊರ ಕಡೆ ಮುಖ ಮಾಡಬಾರದು, ಕಾಶೀವಾಸ ಕೆಡುತ್ತದೆ ಎಂದು ಘಾಟಿನಲ್ಲಿ ಪರಿಚಯದವರೊಬ್ಬರು ಬುದ್ಧಿ ಹೇಳುತ್ತಾರೆ. ಇರಬಹುದು. ಮಂಡಿ ನೋವೂ ಅವರ ಪರವಾಗಿಯೇ ಇದೆ. ಆದರೂ ಜನವರಿ ಬಂತೆಂದರೆ ನಾನು ರೈಲು ಹತ್ತುತ್ತೇನೆ. ಎರಡು ವಾರ ಗುಡಿಸುತ್ತೇನೆ. ನಿಜ ಹೇಳಬೇಕೆಂದರೆ ಅರ್ಧ ದಿನ ಗುಡಿಸಿ ಅರ್ಧ ದಿನ ಕೂರುತ್ತೇನೆ. ಅಣ್ಣ ಒಂದೇ ಕೈಯಲ್ಲಿ ಪೊರಕೆ ಹಿಡಿದು ನನಗಿಂತ ಮುಂದೆ ಹೋಗುತ್ತಾನೆ. ಎಡಗೈಯ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಅದರ ಬಗ್ಗೆ ಅವನು ಈವರೆಗೂ ಒಂದು ಮಾತು ಆಡಿಲ್ಲ. ನಾನೂ ಕೇಳಿಲ್ಲ.