ಅಭ್ಯಾಸದಲ್ಲಿ ಹಿರಿಯರ ಪಾಲು

ವೀಣೆಯನ್ನೋ ಪಿಟೀಲನ್ನೋ ಕಲಿಯಲು ಹಂಬಲಿಸಿ ಸೇರಿದ ಮಗು, ಮೊದಲ ಹುರುಪು ಇಳಿದ ಮೇಲೆ ಅಭ್ಯಾಸಕ್ಕೆ ಕೂರಲು ಒಲ್ಲೆನೆನ್ನುತ್ತದೆ. ಆಗ ಮಗುವನ್ನು ಕೂರಿಸಬೇಕೇ, ಬಿಡಬೇಕೇ ಎಂದು ತಂದೆತಾಯಿಯರು ತೊಳಲಾಡುವುದು ಧರ್ಮವಿಚಾರಕ್ಕೆ ಸೇರಿದ ಪ್ರಶ್ನೆಯೇ ಹೌದು. ಒಂದು ವಿದ್ಯೆಯ ಸುಖವೇನೆಂದು ಇನ್ನೂ ಕಾಣದ ಜೀವವನ್ನು, ಮುಂದೆಂದೋ ಸಿಗಲಿರುವ ಆ ಸುಖಕ್ಕಾಗಿ ಇಂದು ಶ್ರಮಕ್ಕೆ ಹಚ್ಚುವ ಅಧಿಕಾರ ಹಿರಿಯರಿಗೆ ಎಲ್ಲಿಂದ ಬಂತು?

ಭಗವದ್ಗೀತೆಯ 18ನೆಯ ಅಧ್ಯಾಯ ಸುಖವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಅದರಲ್ಲಿ ಸಾತ್ತ್ವಿಕವಾದದ್ದು ಮೊದಲಿಗೆ ವಿಷದಂತಿದ್ದು ಕೊನೆಗೆ ಅಮೃತವಾಗುವಂಥದು. ಮನಸ್ಸು ಅದರಲ್ಲಿ ರಮಿಸುವುದು ಅಭ್ಯಾಸದಿಂದಲೇ. ಕರ್ನಾಟಕ ಸಂಗೀತದ ಪಾಠಕ್ರಮವನ್ನು ಬಲ್ಲವರಿಗೆ ಈ ಮಾತು ಬಿಡಿಸಿ ಹೇಳಬೇಕಾದದ್ದಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬಿರುವ ಈ ಕ್ರಮದಲ್ಲಿ ಕಲಿಕೆ 15ನೆಯ ಮೇಳವಾದ ಮಾಯಾಮಾಳವಗೌಳದಿಂದ ಶುರುವಾಗುತ್ತದೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಎಂದು ಅವೇ ಸ್ವರಗಳು ಮೂರು ಕಾಲಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ವೀಣೆಯಲ್ಲಾದರೆ 24 ಮೆಟ್ಟುಗಳ ಮೇಲೆ ಲೋಹದ ತಂತಿಯನ್ನು ಒತ್ತಿ ಎಡಗೈಯ ಬೆರಳ ತುದಿ ಗೆರೆ ಬಿದ್ದು ಉರಿಯುತ್ತದೆ. ಚರ್ಮ ಗಟ್ಟಿಯಾಗುವ ತನಕ ಆ ನೋವು ನಿಜವಾದ ನೋವು. ಇಷ್ಟಾದರೂ ಹಾಡು ಎನ್ನಬಹುದಾದದ್ದು ಕೈಗೆ ಬಂದಿರುವುದಿಲ್ಲ. ಮಲಹರಿಯ ಪಿಳ್ಳಾರಿ ಗೀತೆಗಳಿಗೆ ಬಂದಾಗಲಷ್ಟೇ, ತಾನು ಇಷ್ಟು ದಿನ ತಿದ್ದಿದ ಸ್ವರಗಳೇ ಗೀತೆಯಾದವೆಂದು ಮಗುವಿಗೆ ಗೊತ್ತಾಗುವುದು, ಏಕೆಂದರೆ ಮಲಹರಿ ಅದೇ ಮೇಳದಲ್ಲಿ ಹುಟ್ಟಿದ ರಾಗ. ಅದಕ್ಕೂ ಮೊದಲು ‘ನಿನಗೆ ಇಷ್ಟವೇ?’ ಎಂದು ಕೇಳಿ, ಬಂದ ಉತ್ತರದ ಮೇಲೆ ತೀರ್ಮಾನಿಸುವುದು ಮಗುವಿಗೆ ಮಾಡುವ ಅನ್ಯಾಯ. ಉತ್ತರಿಸಲು ಬೇಕಾದ ಅನುಭವವೇ ಅದಕ್ಕೆ ಇನ್ನೂ ದೊರೆತಿಲ್ಲ.

ವೀಣಾವಾದನದ ತತ್ತ್ವ ಬಲ್ಲವನು ಆಯಾಸವಿಲ್ಲದೆ ಮೋಕ್ಷಮಾರ್ಗವನ್ನು ಸೇರುತ್ತಾನೆಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಆಯಾಸವಿಲ್ಲದಿರುವುದು ಬಲ್ಲವನಿಗೆ, ಕಲಿಯುವವನಿಗಲ್ಲ. ಗ್ರೀಸಿನ ಅರಿಸ್ಟಾಟಲನೂ ರಾಜ್ಯನೀತಿಯನ್ನು ಕುರಿತ ತನ್ನ ಗ್ರಂಥದ ಎಂಟನೆಯ ಭಾಗದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಕಲಿಕೆ ಆಟವಲ್ಲ, ಅದರಲ್ಲಿ ನೋವಿದೆ ಎಂದ. ಮಕ್ಕಳು ತಮ್ಮ ಕೈಯಿಂದಲೇ ನುಡಿಸಿ ಕಲಿತರೆ ಮಾತ್ರ ದೊಡ್ಡವರಾದ ಮೇಲೆ ಸಂಗೀತದ ಗುಣವನ್ನು ಅಳೆಯಬಲ್ಲರೆಂದೂ, ಆದರೆ ಸ್ಪರ್ಧೆಯ ಚಮತ್ಕಾರಗಳಿಗಾಗಿ ಅವರನ್ನು ತಯಾರು ಮಾಡಬಾರದೆಂದೂ ಅವನ ಅಭಿಪ್ರಾಯ.

ಹಾಗಾದರೆ ಪ್ರೋತ್ಸಾಹವೆಂದರೆ ಏನು? ಪತಂಜಲಿಯ ಯೋಗಸೂತ್ರಗಳ ಮೊದಲ ಪಾದದಲ್ಲಿ ಅಭ್ಯಾಸ ನೆಲೆಗೊಳ್ಳಲು ಮೂರು ನಿಬಂಧನೆಗಳಿವೆ: ದೀರ್ಘಕಾಲ ನಡೆಯಬೇಕು, ನಡುವೆ ಕಡಿಯಬಾರದು, ಆದರದಿಂದ ನಡೆಯಬೇಕು. ಮೊದಲೆರಡನ್ನು ಹಿರಿಯರು ಒದಗಿಸಿಕೊಡಬಹುದು. ದಿನಕ್ಕೆ ಇಪ್ಪತ್ತೇ ನಿಮಿಷವಾದರೂ ಸರಿ, ದೀಪ ಹಚ್ಚಿದ ಮೇಲೆ ಒಂದು ಹೊತ್ತು ಗೊತ್ತುಮಾಡಬಹುದು, ಶ್ರುತಿ ಹಾಕಿಕೊಟ್ಟು ಪಕ್ಕದಲ್ಲಿ ಕೂತು ತಾಳ ಹಾಕಬಹುದು. ಮೂರನೆಯದು ಅವರ ಕೈಯಲ್ಲಿಲ್ಲ. ಆದರ ಹುಟ್ಟಲೆಂದು ಗದರಿಸಿದರೆ ಹುಟ್ಟುವುದು ಭಯ. ‘ಅಭ್ಯಾಸ ಮುಗಿಸು, ಆಮೇಲೆ ಟಿವಿ’ ಎನ್ನುವ ಮನೆಯಲ್ಲಿ ಸಂಗೀತ ಕಟ್ಟಿ ದಾಟಬೇಕಾದ ಸುಂಕವಾಗುತ್ತದೆ.

ಆದರವನ್ನು ಮಗು ನೋಡಿ ಕಲಿಯುತ್ತದೆ. ಗುರುಕುಲದ ಬಲ ಇದ್ದದ್ದು ಇಲ್ಲಿ. ಬಿಡಾರಂ ಕೃಷ್ಣಪ್ಪನವರಂಥ ಗುರುಗಳ ಬಳಿ ಪಿಟೀಲು ಚೌಡಯ್ಯನವರು ಕಲಿತ ಕ್ರಮದಲ್ಲಿ ಶಿಷ್ಯನ ಕಿವಿಗೆ ಗುರುವಿನ ಸಂಗೀತ ಹಗಲಿರುಳೂ ಬೀಳುತ್ತಿತ್ತು. ವಾರಕ್ಕೆ ಎರಡು ಪಾಠದ ಇಂದಿನ ಏರ್ಪಾಡಿನಲ್ಲಿ ಉಳಿದ ದಿನಗಳ ಹೊಣೆ ಮನೆಯದು. ವಾದ್ಯವನ್ನು ದಾಟಬಾರದು, ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂಬ ರೂಢಿಯೂ, ನವರಾತ್ರಿಯ ಸರಸ್ವತಿ ಪೂಜೆಗೆ ವಾದ್ಯವನ್ನಿಟ್ಟು ವಿಜಯದಶಮಿಯಂದು ಮತ್ತೆ ನುಡಿಸುವ ರೂಢಿಯೂ ಈ ಶಿಕ್ಷಣದ ಭಾಗವೇ. ಇವನ್ನೆಲ್ಲ ಆಚರಿಸಿ, ಮಗು ನುಡಿಸುವಾಗ ಫೋನು ನೋಡುತ್ತ ಕೂರುವ ಹಿರಿಯರು ಕಲಿಸುವುದು ಬೇರೆಯದನ್ನೇ. ತಪ್ಪು ಸ್ವರವನ್ನು ಮೆಲ್ಲಗೆ ತಿದ್ದುವ, ಸರಿ ಬಂದ ಒಂದು ಜಂಟಿ ವರಸೆಗೆ ತಲೆದೂಗುವ ಒಬ್ಬರು ಮನೆಯಲ್ಲಿದ್ದರೆ ಸಾಕು. ಅವರಿಗೆ ಶಾಸ್ತ್ರ ತಿಳಿದಿರಬೇಕೆಂದೇನೂ ಇಲ್ಲ.

ಅಭ್ಯಾಸಕ್ಕೆ ಜೊತೆಯಾಗಿ ಪತಂಜಲಿಯೂ ಗೀತೆಯೂ ಹೇಳುವ ವೈರಾಗ್ಯ, ಈ ಪ್ರಸಂಗದಲ್ಲಿ, ಮಗುವಿಗಿಂತ ಮೊದಲು ತಂದೆತಾಯಿಯರಿಗೆ ಬೇಕು. ಜೂನಿಯರ್ ಪರೀಕ್ಷೆಯ ಅಂಕ, ಸ್ಪರ್ಧೆಯ ಬಹುಮಾನ, ಪಕ್ಕದ ಮನೆಯ ಮಗು ಎಷ್ಟು ವರ್ಣ ಮುಗಿಸಿತೆಂಬ ಲೆಕ್ಕ: ಇವು ಹಿರಿಯರ ಫಲಾಪೇಕ್ಷೆಗಳು. ಮಗು ಬೆವರಿದ್ದು ವರಸೆಗೆ. ಅದನ್ನು ಬಹುಮಾನದಿಂದ ಅಳೆದರೆ ಬಹುಮಾನ ಬಾರದ ದಿನ ವೀಣೆ ಮೂಲೆ ಸೇರುತ್ತದೆ.

ಹಿರಿಯರ ಅಧಿಕಾರಕ್ಕೆ ಎಲ್ಲೆಯೂ ಇದೆ. ತನ್ನದಲ್ಲದ ಧರ್ಮವನ್ನು ಚೆನ್ನಾಗಿ ಮಾಡುವುದಕ್ಕಿಂತ, ಕೊರತೆಯಿದ್ದರೂ ತನ್ನ ಧರ್ಮವೇ ಮೇಲೆಂಬ ಗೀತೆಯ ನಿಲುವನ್ನು ಮಗುವಿಗೂ ಅನ್ವಯಿಸಬೇಕು. ಬೇಸರ ಒಂದು, ಸಂಕಟ ಇನ್ನೊಂದು. ಬೇಸರಗೊಂಡ ಮಗು ಗೊಣಗುತ್ತ ಕೂತರೂ ನುಡಿಸತೊಡಗಿದ ಮೇಲೆ ಹಗುರಾಗುತ್ತದೆ. ಅದನ್ನು ಕೂರಿಸುವುದರಲ್ಲಿ ತಪ್ಪಿಲ್ಲ. ಪಾಠದ ದಿನ ಬಂದರೆ ಹೊಟ್ಟೆನೋವೆನ್ನುವ, ವಾದ್ಯ ಕಂಡರೆ ಮುದುಡುವ ಮಗುವನ್ನು ಒತ್ತಾಯಿಸುವುದು ಹಿಂಸೆ. ಅಲ್ಲಿ ಗುರುವಿನೊಡನೆ ಮಾತನಾಡಿ ವೀಣೆಯ ಬದಲು ಕೊಳಲೋ ಮೃದಂಗವೋ ಒಗ್ಗುವುದೇ ಎಂದು ನೋಡಬೇಕು. ಅದೂ ಆಗದಿದ್ದರೆ, ಕೈಯಲ್ಲಿರುವ ಗೀತೆಯನ್ನು ಮುಗಿಸಿ, ಗುರುವಿಗೆ ನಮಸ್ಕರಿಸಿ, ಮನಸ್ಸಿಗೆ ಗಾಯವಾಗದಂತೆ ನಿಲ್ಲಿಸಬೇಕು. ಅಂಥ ಮಗುವಿಗೂ ಸ್ವರಸ್ಥಾನ ತಿಳಿದ ಕಿವಿ ಉಳಿಯುತ್ತದೆ. ಅರಿಸ್ಟಾಟಲ್ ಮಕ್ಕಳ ಸಂಗೀತಶಿಕ್ಷಣದಿಂದ ಬಯಸಿದ್ದರಲ್ಲಿ ಅದೂ ಒಂದು.